ಇನ್ನಾಸಪ್ಪ ಕೇಳಿದ ಲೈನ್ ಕ್ಲಿಯರ್

ಪಿರಿಯಾಪಟ್ಟಣ ತಾಲ್ಲೂಕಿನ ಹೊಸಕೊಪ್ಪಲಿನಲ್ಲಿ ಕರೆಂಟು ಹೋದರೆ ಜನ ಆಫೀಸಿಗೆ ಫೋನ್ ಮಾಡುತ್ತಿರಲಿಲ್ಲ, ಲೈನ್‌ಮ್ಯಾನ್ ಇನ್ನಾಸಪ್ಪನಿಗೇ ಮಾಡುತ್ತಿದ್ದರು. ಆಫೀಸಿನವರು ಎತ್ತುತ್ತಾರೋ ಇಲ್ಲವೋ, ಇನ್ನಾಸಪ್ಪ ಎತ್ತುತ್ತಿದ್ದ. ಊಟಕ್ಕೆ ಕೂತಿದ್ದರೂ ಎತ್ತುತ್ತಿದ್ದ, ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದರೆ ಹೊರಗೆ ಬಂದು ಎತ್ತುತ್ತಿದ್ದ. ಅದಕ್ಕೇ ಅವನು ಭಾನುವಾರ ಕೂರುತ್ತಿದ್ದುದು ಬಾಗಿಲ ಪಕ್ಕದ ಕಡೆಯ ಬೆಂಚಿನಲ್ಲಿ.

ಸಣಕಲು ಆಳು. ಬಿಸಿಲಿಗೆ ಕಿವಿಯ ತುದಿಗಳು ಕಪ್ಪಾಗಿದ್ದವು. ಕಂಬ ಹತ್ತುವ ಮುಂಚೆ ಬಲಗೈಯನ್ನು ಕಂಬದ ಮೇಲಿಟ್ಟು, ಆಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ. ಹೊಗೆಸೊಪ್ಪಿನ ಗೌಡರು ತಮಾಷೆ ಮಾಡುವರು.

"ಕಂಬಕ್ಕೂ ಪೂಜೆ ಮಾಡ್ತೀಯೇನ್ಲಾ ಇನ್ನಾಸಪ್ಪ?"

"ಕಂಬಕ್ಕಲ್ಲ ಗೌಡ್ರೆ. ಮ್ಯಾಕ್ಕೋದೋನು ಕೆಳಕ್ ಬರ್ಲಿ ಅಂತ."

ಗಾಳಿಮಳೆಗೆ ಹತ್ತು ಕಡೆ ತಂತಿ ಹರಿದು ಬಿದ್ದಾಗ ಅವನು ಮೊದಲು ಹೋಗುತ್ತಿದ್ದುದು ಕಾಡಂಚಿನ ಗಿರಿಜನರ ಹಾಡಿಗೆ. ಅಲ್ಲಿಂದ ಯಾರೂ ಅವನನ್ನು ಕೂಗಿರುತ್ತಿರಲಿಲ್ಲ. ಊರಿನ ದೊಡ್ಡವರಿಗೆ ಸಿಟ್ಟು ಬರುತ್ತಿತ್ತು. ಶುಂಠಿ ಹೊಲಕ್ಕೆ ನೀರು ಬಿಡಬೇಕಾದವರು, ಮಿಲ್ಲಿನವರು, ಎಲ್ಲ ಅವನ ಮೇಲೆ ಹರಿಹಾಯುವರು. "ಪೋನ್ ಇರೋರು ಕೂಗ್ತಾರೆ. ಇಲ್ದೋರು ಕತ್ಲಲ್ಲಿ ಸುಮ್ನೆ ಕುಂತಿರ್ತಾರೆ" ಎನ್ನುವುದಷ್ಟೇ ಅವನ ಉತ್ತರ. ಬೈದವರೂ ಅವನು ಬಂದಾಗ ಕಾಫಿ ಕೊಡುತ್ತಿದ್ದರು.

ಅವನಿಗೆ ಹಾಡಲು ಬರುತ್ತಿರಲಿಲ್ಲ, ಬೈಬಲಿನಿಂದ ಹೇಳು ಎಂದರೆ ನಾಲ್ಕು ಮಾತು ಹೇಳುವಷ್ಟರಲ್ಲಿ ತಡವರಿಸುತ್ತಿದ್ದ. ಧರ್ಮದ ಮಾತನ್ನು ಹೊರಗಿನವರೊಡನೆ ಎಂದೂ ಎತ್ತಿದವನಲ್ಲ. ಪಾದ್ರಿಗಳು ಒಮ್ಮೆ ಅವನನ್ನು ಚರ್ಚಿನ ಸಮಿತಿಗೆ ಸೇರಿಸಿಕೊಳ್ಳಲು ಕರೆದಾಗ ಕೈಮುಗಿದು, "ನಂಗೆ ಬರೋದು ಇದೊಂದೇ ಕೆಲ್ಸ ಸ್ವಾಮಿ. ದೇವ್ರಿಗೆ ಅಂತ ಮಾಡೋದೂ ಇದ್ನೇಯ" ಎಂದಿದ್ದ.

ಅವನ ಹೆಂಡತಿ ಲೂರ್ದಮ್ಮ. ಇಬ್ಬರಿಗೂ ಇದ್ದವನು ಒಬ್ಬನೇ ಮಗ, ಅಂತೋಣಿ. ಐಟಿಐ ಮುಗಿಸಿದ ಹುಡುಗ, ಪವರ್‌ಮ್ಯಾನ್ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಲೂರ್ದಮ್ಮ ಒಪ್ಪಲಿಲ್ಲ.

"ಒಂದ್ ಮನೇಲಿ ಒಬ್ರು ಕಂಬ ಹತ್ತುದ್ರೆ ಸಾಕು. ನೀವು ಮನೆಗೆ ಬರೋಗಂಟ ನಂಗೆ ಅನ್ನ ಸೇರಕಿಲ್ಲ, ಇನ್ನು ಅವ್ನೂ ಹತ್ತುದ್ರೆ ನಾನು ಬದ್ಕಂಗೇ ಇಲ್ಲ."

ಇನ್ನಾಸಪ್ಪನೇ ಅವಳನ್ನು ಒಪ್ಪಿಸಿದ. ಒಳ್ಳೆಯ ಕೆಲಸ, ಸರ್ಕಾರಿ ಕೆಲಸ, ತಾನೇ ಪಕ್ಕದಲ್ಲಿದ್ದು ಕಲಿಸುತ್ತೇನೆ ಎಂದ. ಕಲಿಸಿದ ಕೂಡ. ಅಂತೋಣಿಗೆ ಅಪ್ಪನ ಸೆಕ್ಷನ್ನೇ ಸಿಕ್ಕಿತು. ಬೆಳಿಗ್ಗೆ ಅಪ್ಪ ಮಗ ಒಂದೇ ಬೈಕಿನಲ್ಲಿ ಹೊರಡುವುದನ್ನು ನಾವೆಲ್ಲ ನೋಡುತ್ತಿದ್ದೆವು.

ಲೈನಿನ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಮಾತು. ಕಂಬ ಹತ್ತುವ ಮುಂಚೆ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಇಂಥ ಫೀಡರಿಗೆ, ಅಂದರೆ ಇಂಥ ಊರಿನ ಲೈನಿಗೆ, ಲೈನ್ ಕ್ಲಿಯರ್ ಕೊಡಿ ಎಂದು ಕೇಳಬೇಕು. ಅಲ್ಲಿನ ಆಪರೇಟರ್ ಆ ಫೀಡರಿನ ಕರೆಂಟು ತೆಗೆದು, "ಕೊಟ್ಟಿದೀನಿ, ಹತ್ತಿ" ಎನ್ನಬೇಕು. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಲೈನ್‌ಮ್ಯಾನ್ ಮತ್ತೆ ಫೋನ್ ಮಾಡಿ ವಾಪಸ್ ಕೊಟ್ಟರೆ ಮಾತ್ರ ಕರೆಂಟು ಬಿಡಬೇಕು. ಅಂದರೆ ಕಂಬದ ಮೇಲಿರುವವನ ಜೀವ ಎಲ್ಲೋ ಕಣ್ಣಿಗೆ ಕಾಣದ ಕಡೆ ಕೂತ ಇನ್ನೊಬ್ಬನ ಕೈಯಲ್ಲಿರುತ್ತದೆ.

ಆ ಇನ್ನೊಬ್ಬ ನಂಜುಂಡೇಶ್. ಹುಣಸೂರಿನ ಕಡೆಯ ಲಿಂಗವಂತರ ಹುಡುಗ, ಹಣೆಯ ತುಂಬ ವಿಭೂತಿ, ಮೆಲುದನಿ. ಇನ್ನಾಸಪ್ಪ ಫೋನ್ ಮಾಡಿದಾಗಲೆಲ್ಲ ಮೊದಲು "ಊಟ ಆಯ್ತಾ ಇನ್ನಾಸಪ್ನೋರೆ?" ಎಂದು ಕೇಳಿ, ಆಮೇಲೆ ಕೆಲಸದ ಮಾತಿಗೆ ಬರುತ್ತಿದ್ದ. ಅಂತೋಣಿಗೂ ಅವನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಅಂತೋಣಿ ಸಬ್‌ಸ್ಟೇಷನ್ನಿಗೆ ಹೋದಾಗ ಇಬ್ಬರೂ ಒಂದೇ ಡಬ್ಬಿಯಿಂದ ತಿಂದದ್ದುಂಟು.

ಆ ವರ್ಷದ ಮುಂಗಾರು ಬಿರುಗಾಳಿಯೊಡನೆ ಬಂತು. ಎರಡು ದಿನ ಬೀಸಿದ ಗಾಳಿಗೆ ಎಲ್ಲೆಲ್ಲೂ ಮರಗಳು ಉರುಳಿದವು. ಹುಣಸೂರು ರಸ್ತೆಗೆ ಮರ ಅಡ್ಡ ಬಿದ್ದು, ನಂಜುಂಡೇಶನ ಜಾಗಕ್ಕೆ ಬರಬೇಕಾದ ಆಪರೇಟರಿಗೆ ಬರಲಾಗಲಿಲ್ಲ. ಹಿಂದಿನ ಸಂಜೆ ಡ್ಯೂಟಿಗೆ ಕೂತವನು ಮರುದಿನ ಮಧ್ಯಾಹ್ನವಾದರೂ ಅಲ್ಲೇ ಇದ್ದ. ಹೊಸಕೊಪ್ಪಲಿನ ಲೈನಿನ ಮೇಲೆ ಸಿಲ್ವರ್ ಮರದ ಕೊಂಬೆಯೊಂದು ಬಿದ್ದಿತ್ತು. ಪಕ್ಕದ ಹಳೇಕೊಪ್ಪಲಿನ ಫೀಡರಿನಲ್ಲಿ ಬೇರೆ ತಂತಿ ಹರಿದಿತ್ತು. ಸುನೀಲ್ಕುಮಾರ್ ಎಂಬ ಲೈನ್‌ಮ್ಯಾನ್ ಅತ್ತ ಹೋದ, ಇನ್ನಾಸಪ್ಪ ಮತ್ತು ಅಂತೋಣಿ ಇತ್ತ ಬಂದರು.

ಇನ್ನಾಸಪ್ಪನೇ ಫೋನ್ ಮಾಡಿ ಹೊಸಕೊಪ್ಪಲಿಗೆ ಲೈನ್ ಕ್ಲಿಯರ್ ತೆಗೆದುಕೊಂಡ. ಅವನ ಮೊಣಕಾಲು ಊದಿತ್ತು, ಹಾಗಾಗಿ ಅಂತೋಣಿ ಹತ್ತುವುದೆಂದಾಯಿತು. ತಪ್ಪಿ ಕರೆಂಟು ಬಂದರೂ ಭೂಮಿಗೆ ಇಳಿದು ಹೋಗುವಂತೆ ತಂತಿಗೆ ಸಿಕ್ಕಿಸುವ ಅರ್ತ್ ರಾಡು ಸೆಕ್ಷನ್ನಿನಲ್ಲಿ ಇದ್ದದ್ದು ಒಂದೇ ಜೊತೆ. ಅದು ಸುನೀಲ್ಕುಮಾರನ ಜೀಪಿನಲ್ಲಿ ಹಳೇಕೊಪ್ಪಲಿಗೆ ಹೋಗಿತ್ತು.

"ಅಪ್ಪ, ರಾಡು?" ಎಂದ ಅಂತೋಣಿ.

"ಸುನೀಲ ತಕ್ಕೊಂಡೋಗವ್ನೆ. ಬರೋಗಂಟ ಕಾಯುವ್ವ?"

ಸುತ್ತ ಜನ ನಿಂತಿದ್ದರು. ಎರಡು ದಿನದಿಂದ ಕರೆಂಟಿಲ್ಲದೆ ಕುಡಿಯುವ ನೀರಿಗೂ ತತ್ವಾರವಾಗಿತ್ತು. ಅಂತೋಣಿ ಜನರನ್ನು ನೋಡಿದ. "ಒಂದ್ ಕೊಂಬೆ ಅಲ್ವ, ಕಡ್ದು ಇಳ್ದು ಬುಡ್ತೀನಿ" ಎಂದ. ಇನ್ನಾಸಪ್ಪ ಬೇಡ ಎನ್ನಲಿಲ್ಲ.

ಅಂತೋಣಿ ಮೇಲಿದ್ದಾಗಲೇ ಸುನೀಲ್ಕುಮಾರ್ ತನ್ನ ಕೆಲಸ ಮುಗಿಸಿ ಹಳೇಕೊಪ್ಪಲನ್ನು ವಾಪಸ್ ಕೊಟ್ಟ. ನಂಜುಂಡೇಶ್ ಎದ್ದು ಹೋಗಿ ಕರೆಂಟು ಬಿಟ್ಟ. ಬಿಟ್ಟದ್ದು ಹೊಸಕೊಪ್ಪಲಿಗೆ.

ದೊಡ್ಡ ಸದ್ದೇನೂ ಆಗಲಿಲ್ಲ ಎನ್ನುತ್ತಾರೆ ಅಲ್ಲಿದ್ದವರು. ಒಂದು ಸಲ ಚಟ್ಟೆಂದಿತು, ಕೈಗೊಡಲಿ ಕೆಳಗೆ ಬಿತ್ತು. ಅಂತೋಣಿ ಸೊಂಟದ ಬೆಲ್ಟಿನಲ್ಲಿ ಹಿಂದಕ್ಕೆ ಜೋತುಬಿದ್ದ. ಕಂಬದತ್ತ ಓಡಿದ ಇನ್ನಾಸಪ್ಪನನ್ನು ನಾಲ್ಕು ಜನ ಹಿಡಿದುಕೊಂಡರು. ತಂತಿಯಲ್ಲಿ ಕರೆಂಟು ಇನ್ನೂ ಇತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಬಲ್ಲವನು ಒಬ್ಬನೇ.

ಇನ್ನಾಸಪ್ಪ ಫೋನ್ ಒತ್ತಿದ. ನಂಜುಂಡೇಶ್ ಎತ್ತಿದ.

"ಹೊಸಕೊಪ್ಪಲು. ಲೈನ್ ಕ್ಲಿಯರ್ ಕೊಡು. ನನ್ ಮಗ ಮ್ಯಾಲವ್ನೆ, ಇಳುಸ್ಕೋಬೇಕು."

ಅತ್ತ ಫೋನ್ ಕೆಳಗಿಟ್ಟು ಓಡಿದ ಸದ್ದು ಕೇಳಿಸಿತು. ಆಮೇಲೆ, "ಕೊಟ್ಟಿದೀನಿ" ಎಂಬ ಮಾತು ಬಂತು. ಆ ಮಾತನ್ನು ನಂಬಿ ಇನ್ನಾಸಪ್ಪ ಊದಿದ ಮೊಣಕಾಲಿನಲ್ಲಿ ತಾನೇ ಕಂಬ ಹತ್ತಿ, ಮಗನನ್ನು ಹೆಗಲಿಗೆ ಹಾಕಿಕೊಂಡು ಇಳಿಸಿದ. ಪಿರಿಯಾಪಟ್ಟಣದ ಆಸ್ಪತ್ರೆಯವರೆಗೆ ಊರವರ ಜೀಪಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಮಣ್ಣಿನ ದಿನ ಹಾಡಿಯವರೆಲ್ಲ ಬಂದಿದ್ದರು. ಇನ್ನಾಸಪ್ಪ ಲೈನ್ ನೋಡಿಕೊಳ್ಳುತ್ತಿದ್ದ ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನಿಂದ ಇಬ್ಬರು ಟಿಬೆಟಿನ ಮುದುಕರು ಬಂದು ತಮ್ಮ ಪದ್ಧತಿಯ ಬಿಳಿ ವಸ್ತ್ರವೊಂದನ್ನು ಪೆಟ್ಟಿಗೆಯ ಮೇಲಿಟ್ಟು ಹೋದರು. ಲೂರ್ದಮ್ಮ ಅಳಲಿಲ್ಲ. ಪೆಟ್ಟಿಗೆ ಮುಚ್ಚುವಾಗ ಗಂಡನ ಕಡೆ ತಿರುಗಿ, "ನಾನು ಬ್ಯಾಡ ಅಂದಿದ್ದೆ" ಎಂದಳು. ಅಷ್ಟೇ.

ನಂಜುಂಡೇಶನನ್ನು ಸಸ್ಪೆಂಡ್ ಮಾಡಿದರು, ವಿಚಾರಣೆ ಇಟ್ಟರು. ಊರಿನಲ್ಲಿ ಒಂದು ಮಾತು ಹುಟ್ಟಿತು: ಆಪರೇಟರ್ ಕುಡಿದಿದ್ದನಂತೆ. ಎಲ್ಲಿಂದ ಹುಟ್ಟಿತೋ, ವಾರದೊಳಗೆ ಅದೇ ನಿಜವಾಗಿಬಿಟ್ಟಿತು. ಆಫೀಸಿನ ಕೆಲವರಿಗೆ ಬೇರೆ ಲೆಕ್ಕವಿತ್ತು. ರಾಡು ಹಾಕದೆ ಹತ್ತಿದ್ದು ಹುಡುಗನದೇ ತಪ್ಪು ಎಂದು ಬರೆದರೆ ಎಲ್ಲರೂ ಪಾರಾಗುತ್ತಿದ್ದರು. ಇನ್ನಾಸಪ್ಪ ಹೇಳಿಕೆ ಕೊಡುವ ದಿನ ಹತ್ತಿರ ಬಂತು.

ಅದಕ್ಕೆ ಮೊದಲು ಒಂದು ಮಧ್ಯಾಹ್ನ ಅವನು ಯಾರಿಗೂ ಹೇಳದೆ ಹುಣಸೂರಿನ ಬಸ್ಸು ಹತ್ತಿದ. ನಂಜುಂಡೇಶನ ಮನೆ ಹುಡುಕಿಕೊಂಡು ಹೋದ. ಯಾಕೆ ಹೋದನೆಂಬುದು ಅವನಿಗೇ ತಿಳಿದಿರಲಿಲ್ಲವಂತೆ. ಹೊಡೆಯಲು ಇರಬಹುದು ಎಂದು ಆಮೇಲೆ ಒಮ್ಮೆ ಹೇಳಿದ್ದ.

ಬಾಗಿಲು ತೆಗೆದವರು ನಂಜುಂಡೇಶನ ತಾಯಿ ನೀಲಾಂಬಿಕೆ. ಖಾಕಿ ಅಂಗಿ ನೋಡಿ ಯಾರೆಂದು ಊಹಿಸಿದರು. ಕಾಲಿಗೆ ಬೀಳಲು ಬಗ್ಗಿದವರನ್ನು ಇನ್ನಾಸಪ್ಪ, "ಬ್ಯಾಡಿ ಅವ್ವಾ, ದೊಡ್ಡೋರು ನೀವು" ಎಂದು ತಡೆದ. ಒಳಗೆ ಗೋಡೆಗೊರಗಿ ನಂಜುಂಡೇಶ್ ಕೂತಿದ್ದ. ಗಡ್ಡ ಬೆಳೆದಿತ್ತು, ಹಣೆ ಬರಿದಾಗಿತ್ತು.

ಇನ್ನಾಸಪ್ಪ ಅವನೆದುರು ನೆಲದ ಮೇಲೆ ಕೂತ. ಕೇಳಿದ್ದು ಒಂದೇ ಪ್ರಶ್ನೆ.

"ಸುನೀಲ ಯಾವ್ ಹೆಸ್ರು ಹೇಳ್ದ? ನಿಂಗೆ ಯಾವ್ದು ಕೇಳುಸ್ತು?"

ಸರಿಯಾಗಿ ಕೇಳಿಸಲಿಲ್ಲ, ಗಾಳಿಯಲ್ಲಿ ಫೋನ್ ಕತ್ತರಿಸುತ್ತಿತ್ತು ಎಂದು ಹೇಳು ಎಂಬುದಾಗಿ ವಕೀಲರು ನಂಜುಂಡೇಶನಿಗೆ ಪಾಠ ಮಾಡಿದ್ದರು. ಅವನು ತಲೆ ಎತ್ತಿದ.

"ಹಳೇಕೊಪ್ಪಲು ಅಂತ ಸರಿಯಾಗೇ ಕೇಳಿಸ್ತು ಇನ್ನಾಸಪ್ನೋರೆ. ನಾನೂ ಬಾಯಲ್ಲಿ ಹಳೇಕೊಪ್ಪಲು ಅಂತಾನೇ ಅಂದ್ಕೊಂಡು ಹೋದೆ. ಕಣ್ಣು ಎಳೀತಿತ್ತು. ಕೈ ಪಕ್ಕದ್ದಕ್ಕೆ ಹೋಯ್ತು. ಅಂತೋಣಿ ನನ್ ಜೊತೆ ಊಟ ಮಾಡ್ದೋನು... ನನ್ ಕೈಯೇ ಮಾಡ್ತು."

ನೀಲಾಂಬಿಕೆ ಒಂದು ಲೋಟ ನೀರು ತಂದು, ಕೊಡಲೋ ಬೇಡವೋ ಎಂದು ನಿಂತರು. ಇನ್ನಾಸಪ್ಪ ಕೈ ಚಾಚಿ ಅದನ್ನು ತೆಗೆದುಕೊಂಡು, ಕುಡಿದು, ಎದ್ದು ಬಂದ.

ವಿಚಾರಣೆಯಲ್ಲಿ ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಆಪರೇಟರ್ ಕುಡಿದಿರಲಿಲ್ಲ, ಅವತ್ತು ನಾನೇ ಎರಡು ಸಲ ಮಾತಾಡಿದೆ. ಹಿಂದಿನ ಸಂಜೆಯಿಂದ ಒಬ್ಬನೇ ಇದ್ದ, ಬದಲಿ ಬಂದಿರಲಿಲ್ಲ. ತಪ್ಪು ಅವನ ಕೈಯಿಂದ ಆಯಿತು. ಸೆಕ್ಷನ್ನಿನಲ್ಲಿ ಒಂದೇ ಜೊತೆ ರಾಡು ಇತ್ತು, ಅದು ನಮ್ಮ ಬಳಿ ಇರಲಿಲ್ಲ. ಇಲ್ಲದೆ ಹತ್ತಲು ಬಿಟ್ಟವನು ನಾನು. ಅಧಿಕಾರಿ ಪೆನ್ನು ನಿಲ್ಲಿಸಿ, "ಕೊನೇದು ಬರೀಲೇಬೇಕಾ?" ಎಂದು ಕೇಳಿದರಂತೆ. "ಬರ್ಕೊಳಿ ಸಾರ್, ಅದೂ ನಡ್ದದ್ದೇಯ" ಎಂದ.

ಆ ಹೇಳಿಕೆಯಿಂದ ನಂಜುಂಡೇಶನ ಕೆಲಸ ಉಳಿಯಿತು. ಇನ್ನಾಸಪ್ಪನ ಮನೆ ಒಡೆಯಿತು.

ಲೂರ್ದಮ್ಮನಿಗೆ ಸುದ್ದಿ ಮುಟ್ಟಿಸಿದವರು ಊರಿನ ಹೆಂಗಸರು. ಅವನು ಹುಣಸೂರಿಗೆ ಹೋದದ್ದೂ ಹೇಗೋ ಹೊರಬಿದ್ದಿತ್ತು. ಅವನು ಸಂಜೆ ಬಂದಾಗ ಅವಳು ಒಲೆಯ ಮುಂದೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ.

"ಅವ್ನ್ ಮನೇಲಿ ನೀರ್ ಕುಡುದ್ರಂತೆ."

"ಊಂ."

"ಅವ್ನ ಉಳುಸ್ದ್ರಂತೆ."

"ಇದ್ದದ್ ಹೇಳ್ದೆ ಕಣೆ. ಸುಳ್ ಹೇಳುದ್ರೆ ನಮ್ ಮಗ ಎದ್ದು ಬತ್ತಾನಾ?"

"ಬರಕಿಲ್ಲ. ನಂಗೂ ಗೊತ್ತು ಬರಕಿಲ್ಲ ಅಂತ." ಅವಳ ದನಿ ಏರಲಿಲ್ಲ. "ನೀವು ದೊಡ್ಡೋರು. ನೀವು ಅವ್ನ ಕ್ಷಮುಸ್ಬುಟ್ರಿ. ನಿಮ್ಮುನ್ನ ಕ್ಷಮ್ಸಕ್ಕೆ ನನ್ ಕೈಲಾಗಕಿಲ್ಲ."

ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಬದುಕಿದರು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಸಂಜೆ ಜಪಸರ ಹಿಡಿದು ಇಬ್ಬರೂ ಒಟ್ಟಿಗೆ ಕೂರುವುದು ನಿಂತಿತು. ಭಾನುವಾರ ಅವಳು ಬೆಳಗಿನ ಮೊದಲ ಪೂಜೆಗೆ ಹೋಗಿ ಬಂದ ಮೇಲೆ ಅವನು ಎರಡನೆಯದಕ್ಕೆ ಹೋಗುತ್ತಿದ್ದ. ತಪ್ಪು ಮಾಡಿದವರನ್ನು ಮನ್ನಿಸುವ ಪ್ರಾರ್ಥನೆಯ ಮಾತು ಬಂದಾಗ ಲೂರ್ದಮ್ಮ ಬಾಯಿ ಮುಚ್ಚಿ ನಿಲ್ಲುವುದನ್ನು ಪಕ್ಕದವರು ಗಮನಿಸಿದ್ದರು. ಪರಮಪ್ರಸಾದಕ್ಕೂ ಅವಳು ಎದ್ದು ಹೋಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ನಂಜುಂಡೇಶನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಆಪರೇಟರುಗಳೇ ಸಾಲದೆ ಇದ್ದುದರಿಂದ ಅದೇ ಸಬ್‌ಸ್ಟೇಷನ್ನಿಗೆ ಹಾಕಿದರು. ಸೆಕ್ಷನ್ನಿನ ಲೈನ್‌ಮ್ಯಾನುಗಳೆಲ್ಲ ತಿರುಗಿಬಿದ್ದರು.

"ಅವ್ನು ಕೊಟ್ಟ ಲೈನ್ ಕ್ಲಿಯರ್ ಮ್ಯಾಲೆ ನಾನು ಹತ್ತಕಿಲ್ಲ" ಎಂದ ಸುನೀಲ್ಕುಮಾರ್. "ನಂಗೂ ಹೆಂಡ್ರು ಮಕ್ಳವ್ರೆ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಜೂನಿಯರ್ ಇಂಜಿನಿಯರ್ ಕೆಲಸದ ಪಟ್ಟಿ ಹಿಡಿದು ನಿಂತಿದ್ದಾಗ, ಮೂಲೆಯಲ್ಲಿ ಬೆಲ್ಟಿನ ಕೊಂಡಿ ಒರೆಸುತ್ತಿದ್ದ ಇನ್ನಾಸಪ್ಪ ಎದ್ದ. ಆ ದಿನದ ಕೆಲಸ ಹಾಡಿಯ ದಾರಿಯ ಒಂದು ಕಂಬದಲ್ಲಿತ್ತು. ಬೈಕು ಹತ್ತಿ ಒಬ್ಬನೇ ಹೊರಟ. ಮನಸ್ಸು ತಡೆಯದೆ ಸುನೀಲ್ಕುಮಾರನೂ ಹಿಂದೆ ಹೋದ. ಅಲ್ಲಿ ನಡೆದದ್ದನ್ನು ನಮಗೆ ಹೇಳಿದವನು ಅವನೇ.

ಇನ್ನಾಸಪ್ಪ ಕಂಬದ ಬುಡದಲ್ಲಿ ನಿಂತು, ಸ್ಪೀಕರ್ ಹಾಕಿ ಫೋನ್ ಮಾಡಿದ. "ಹೊಸಕೊಪ್ಪಲು. ಲೈನ್ ಕ್ಲಿಯರ್ ಬೇಕು." ನಂಜುಂಡೇಶ್ ಫೀಡರಿನ ಹೆಸರನ್ನು ತಿರುಗಿ ಹೇಳಿದ. ಸ್ವಲ್ಪ ಹೊತ್ತಿಗೆ ಬಂದು ಮತ್ತೊಮ್ಮೆ ಹೇಳಿದ. "ತೆಗ್ದಿದೀನಿ. ಬೀಗ ಹಾಕಿ ಬೀಗದ ಕೈ ಜೇಬಲ್ಲಿ ಇಟ್ಕೊಂಡಿದೀನಿ. ಇನ್ನೊಂದ್ ಸಲ ನೋಡ್ಕೊಂಡ್ ಬರ್ಲಾ?"

"ನೋಡ್ಕೊಂಡ್ ಬಾ. ಕಾಯ್ತೀನಿ."

ಬಂದು, "ಹತ್ತಿ ಇನ್ನಾಸಪ್ನೋರೆ" ಎಂದ. ಈ ಸಲ ರಾಡು ಇತ್ತು. ಇನ್ನಾಸಪ್ಪ ರಾಡು ಸಿಕ್ಕಿಸಿ, ಬಲಗೈ ಕಂಬದ ಮೇಲಿಟ್ಟ. ಹತ್ತುವಾಗ ಎರಡು ಸಲ ನಿಂತು ಕಂಬಕ್ಕೆ ಹಣೆ ಒತ್ತಿದ. ತಂತಿ ಮುಟ್ಟುವ ಮುಂಚೆ ಕಣ್ಣು ಮುಚ್ಚಿದ್ದನ್ನು ಸುನೀಲ್ಕುಮಾರ್ ಕೆಳಗಿನಿಂದಲೇ ಕಂಡ. ಕೆಲಸ ಮುಗಿಸಿ ಇಳಿದು, ಲೈನ್ ವಾಪಸ್ ಕೊಟ್ಟು, ಪೊದೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಮರುದಿನವೂ ಹಾಗೇ ಫೋನ್ ಮಾಡಿ ಹತ್ತಿದ. ಅದರ ಮರುದಿನವೂ. ನಿಧಾನವಾಗಿ ಉಳಿದವರೂ ಹತ್ತತೊಡಗಿದರು.

ಪಾದ್ರಿಗಳು ಒಮ್ಮೆ ಬೋಧನೆಯಲ್ಲಿ ಅವನ ಹೆಸರು ಹೇಳದೆ ಈ ಕತೆಯನ್ನು ಹೇಳಿ ಹೊಗಳಿದರು. ಪೂಜೆ ಮುಗಿದ ಮೇಲೆ ಇನ್ನಾಸಪ್ಪ ಅವರ ಬಳಿ ಹೋದ.

"ಅದ್ನ ಇನ್ನೊಂದ್ ಸಲ ಹೇಳ್ಬ್ಯಾಡಿ ಸ್ವಾಮಿ. ಕ್ಷಮ್ಸಿವ್ನೋ ಇಲ್ವೋ ನಂಗೇ ಗೊತ್ತಿಲ್ಲ. ಅವ್ನ ದನಿ ಕೇಳುದ್ರೆ ಈಗ್ಲೂ ಹೊಟ್ಟೇಲಿ ಕೆಂಡ ಬಿದ್ದಂಗಾಯ್ತದೆ."

"ಆದರೂ ದಿನಾ ಫೋನ್ ಮಾಡ್ತೀಯಲ್ಲ, ಇನ್ನಾಸಪ್ಪ?"

"ಕರೆಂಟ್ ಬೇಕಲ್ವ ಸ್ವಾಮಿ, ಜನುಕ್ಕೆ. ನಾನು ಮಾಡ್ನಿಲ್ಲ ಅಂದ್ರೆ ಆ ಹುಡ್ಗನೂ ಸಾಯ್ತಾನೆ. ಎರಡ್ ಎಣ ಹೊರಕ್ಕೆ ನನ್ ಹೆಗಲಲ್ಲಿ ಸಕ್ತಿ ಇಲ್ಲ."

ನಂಜುಂಡೇಶ್ ಬದುಕಿದ. ಆದರೆ ಮೊದಲಿನ ಹುಡುಗನಾಗಲಿಲ್ಲ. "ಊಟ ಆಯ್ತಾ" ಎಂದು ಅವನು ಮತ್ತೆಂದೂ ಯಾರನ್ನೂ ಕೇಳಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಕೇಳಿಕೊಂಡು ಹ್ಯಾಂಡ್‌ಪೋಸ್ಟಿನ ಕಡೆಯ ಇಲಾಖೆ ಉಗ್ರಾಣಕ್ಕೆ ವರ್ಗ ಮಾಡಿಸಿಕೊಂಡ. ಹೋಗುವ ಮುಂಚೆ ಒಂದು ದಿನ ಇನ್ನಾಸಪ್ಪನ ಮನೆಯ ಬೇಲಿಯವರೆಗೆ ಬಂದು ನಿಂತಿದ್ದ. ಲೂರ್ದಮ್ಮ ಅಂಗಳ ಗುಡಿಸುತ್ತಿದ್ದಳು. ಅವನನ್ನು ನೋಡಿ, ಪೊರಕೆ ಅಲ್ಲೇ ಹಾಕಿ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಅವನು ಬಹಳ ಹೊತ್ತು ನಿಂತಿದ್ದು ಹೊರಟುಹೋದ. ಅದನ್ನು ಕೇಳಿ ಇನ್ನಾಸಪ್ಪ ಅವಳಿಗೆ ಏನೂ ಅನ್ನಲಿಲ್ಲ. ಅನ್ನುವ ಹಕ್ಕು ತನಗಿದೆ ಎಂದು ಅವನಿಗೆ ತೋರಲಿಲ್ಲ.

ಈಗ ಅವನು ನಿವೃತ್ತನಾಗಿದ್ದಾನೆ. ಮೊಣಕಾಲು ಪೂರಾ ಹೋಗಿದೆ. ಕಳೆದ ನವೆಂಬರಿನಲ್ಲಿ ಮೃತರ ಸ್ಮರಣೆಯ ದಿನ ಗಂಡ ಹೆಂಡತಿ ಇಬ್ಬರೂ ಸಮಾಧಿಗೆ ಬಂದಿದ್ದರು. ಅದೊಂದು ದಿನ ಮಾತ್ರ ಅವರು ಒಟ್ಟಿಗೆ ಬರುತ್ತಾರೆ. ಲೂರ್ದಮ್ಮ ಸಮಾಧಿಯ ಮೇಲಿನ ಹುಲ್ಲು ಕಿತ್ತು, ಚೆಂಡುಹೂವು ಇಟ್ಟು, ಮೇಣದ ಬತ್ತಿ ಹಚ್ಚಿದಳು. ಗಾಳಿಗೆ ಅದು ಆರಿತು. ಇನ್ನಾಸಪ್ಪ ಕಷ್ಟಪಟ್ಟು ಕೂತು, ಎರಡೂ ಕೈ ಮರೆ ಮಾಡಿದ. ಅವಳು ಮತ್ತೆ ಹಚ್ಚಿದಳು.

"ಸ್ವಾಮಿಗಳ್ನ ಕೇಳ್ದೆ" ಎಂದಳು, ಬತ್ತಿಯ ಕಡೆಗೇ ನೋಡುತ್ತ. "ಕ್ಷಮ್ಸಕ್ಕಾಗ್ದೋರು ಏನ್ ಮಾಡ್ಬೇಕು ಅಂತ. ಕ್ಷಮ್ಸಕ್ಕಾಗ್ಲಿ ಅಂತ ಆಸೆ ಆದ್ರೂ ಕೊಡು ಅಂತ ದೇವ್ರುನ್ನ ಕೇಳ್ಕೊ ಅಂದ್ರು. ಆ ಆಸೇನೂ ಇಲ್ಲ ನಂಗೆ."

"ನಾನ್ ಕೇಳ್ಕೊಳ್ಲಾ, ನಿನ್ ಪರ್ವಾಗಿ?"

"ಬ್ಯಾಡ." ಸ್ವಲ್ಪ ತಡೆದು, "ಕಾಲು ನೋಯ್ತದೆ, ಎದ್ದೇಳಿ" ಎಂದಳು.

ಅವನು ಏಳಲಿಲ್ಲ. ಬತ್ತಿ ಪೂರಾ ಉರಿಯುವವರೆಗೆ ಹಾಗೇ ಕೈ ಮರೆ ಮಾಡಿಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ನಿಂತಿದ್ದಳು.